ಬೇಗಂಳನ್ನು ಬಿಟ್ಟುಬಂದ ಬೇಸಿಗೆ

ಕುದುರೆಯ ಬೆವರಿಗೆ ಮಲ್ಲಿಗೆ ಹೂವಿನ ವಾಸನೆ ಬೆರೆತರೆ ನನಗೆ ನಗು ತಡೆಯಲಾಗುವುದಿಲ್ಲ. ಮೊನ್ನೆ ಸಿಂಧನೂರಿನಲ್ಲಿ ತಂಗಿಯ ಮಗನ ಮದುವೆಯಲ್ಲಿ ಹಾಗೇ ಆಯಿತು. ಬಿಳಿ ಕುದುರೆ, ಕೊರಳಿಗೆ ಮಲ್ಲಿಗೆ ಮಾಲೆ, ಬಿಸಿಲಿಗೆ ಒದ್ದೆಯಾದ ಮೈ, ಮೇಲೆ ಬಾಸಿಂಗ ಕಟ್ಟಿಕೊಂಡ ಹುಡುಗ. ಎಲ್ಲರೂ ಅಕ್ಕಿಕಾಳು ಹಿಡಿದು ನಿಂತಿದ್ದರೆ ನಾನೊಬ್ಬಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದೆ. "ಯಕ್ಕಾ, ಬೀಗರು ನೋಡಾಕತ್ತಾರ" ಎಂದು ತಂಗಿ ಚಿವುಟಿದಳು. ನಗು ನಿಂತ ಮೇಲೆ ಹೋಗಿ ಆ ಕುದುರೆಯ ಕೊರಳು ಸವರಿ ಬಂದೆ.

ನಾವು ಕುರಿ ಕಾಯುವವರು. ತವರು ಮುದಗಲ್ ಹತ್ತಿರದ ಹಳ್ಳಿ, ಗಂಡನ ಮನೆ ಪಾಮನಕಲ್ಲೂರು. ಲಿಂಗಸುಗೂರಿನ ಹೈಸ್ಕೂಲಿನಲ್ಲಿ ಹತ್ತನೆಯ ತನಕ ಓದಿದವಳೆಂದು ಅತ್ತೆ ಮನೆಯಲ್ಲಿ ನನಗೆ ಸ್ವಲ್ಪ ಮರ್ಯಾದೆ, ಸ್ವಲ್ಪ ಚೇಷ್ಟೆ. ಮಳೆಗಾಲದಲ್ಲಿ ನಮ್ಮ ಹಿಂಡು ಪಾಮನಕಲ್ಲೂರಿನ ಸುತ್ತಲಿನ ಬೀಳು ಹೊಲಗಳಲ್ಲೇ ಮೇಯುತ್ತದೆ. ಕಾಲುವೆ ಸೀಮೆಯಲ್ಲಿ ಭತ್ತದ ಕೊಯ್ಲು ಮುಗಿಯಿತೆಂದು ಸುದ್ದಿ ಬಂದರೆ ಸಾಕು, ಮಸ್ಕಿ ದಾಟಿ ಸಿಂಧನೂರಿನ ಕಡೆ ಇಳಿಯುತ್ತೇವೆ. ಕೊಯ್ದ ಗದ್ದೆಯಲ್ಲಿ ಕುರಿ ಮೇಯುತ್ತವೆ, ರಾತ್ರಿ ಅಲ್ಲೇ ಮಲಗುತ್ತವೆ, ಗದ್ದೆಗೆ ಗೊಬ್ಬರವಾಗುತ್ತದೆ. ಒಂದು ಗದ್ದೆ ಮುಗಿದರೆ ಮುಂದಿನ ಗದ್ದೆ.

ಹೀಗೆ ಜಾಗ ಬದಲಿಸುವಾಗ ಗಂಡಸರು ಹಿಂಡಿನ ಹಿಂದೆ ನಿಧಾನ ಬರುತ್ತಾರೆ. ಹೆಂಗಸರು ಕುದುರೆಗಳ ಮೇಲೆ ಸಂಸಾರ ಹೇರಿಕೊಂಡು ಮುಂದೆ ಹೋಗಬೇಕು. ಹೋಗಿ ಹೇರು ಇಳಿಸಿ, ನಡೆಯಲಾರದ ಎಳೆ ಮರಿಗಳನ್ನು ನೆರಳಿಗೆ ಕಟ್ಟಿ, ಒಲೆ ಹೂಡಬೇಕು. ನಮ್ಮಲ್ಲಿ ಎರಡು ಕುದುರೆ ಇದ್ದವು. ಪಾತ್ರೆ, ಹಿಟ್ಟಿನ ಚೀಲ, ಕುರಿ ಕೂಡುವ ಬಲೆ, ಗೂಟಗಳೆಲ್ಲ ಮೋತಿ ಎಂಬ ಗಂಡು ಕುದುರೆಯ ಮೇಲೆ. ಬೇಗಂ ಎಂಬ ಹೆಣ್ಣು ಕುದುರೆಯ ಮೇಲೆ ಎರಡೂ ಪಕ್ಕಕ್ಕೆ ಮರಿಗಳ ಜಾಳಿಗೆ, ಬೆನ್ನ ಮೇಲೆ ಕೌದಿ, ಕೌದಿಯ ಮೇಲೆ ನಾನು. ಕೊನೆಗೆ ನನ್ನ ಮಡಿಲಿಗೆ ಯಾರಾದರೂ ಕೋಳಿ ಬುಟ್ಟಿ ಎತ್ತಿಕೊಡುತ್ತಿದ್ದರು. ಬುಟ್ಟಿಯೊಳಗೆ ಕೋಳಿಗಳು ಕೊಕ್ಕೊಕ್ಕೊ ಎಂದವೋ ಬೇಗಂ ಹೊರಟಳೇ. ಹಗ್ಗ ಎಳೆಯುವುದು ಬೇಡ, ಹಿಮ್ಮಡಿ ತಾಗಿಸುವುದು ಬೇಡ. ಮುಂದಿನ ಗದ್ದೆ ಬರುವ ತನಕ ನಿಲ್ಲುತ್ತಲೂ ಇರಲಿಲ್ಲ.

ಆ ಸವಾರಿಯ ಹೊತ್ತು ನನ್ನದು. ಚಾ ಕೇಳುವವರಿಲ್ಲ, ರೊಟ್ಟಿ ಕೇಳುವವರಿಲ್ಲ, "ಮಾಳವ್ವಾ" ಎಂದು ಕೂಗುವವರಿಲ್ಲ. ಎತ್ತರದಲ್ಲಿ ಕುಳಿತು, ಕಾಲುವೆಯ ನೀರನ್ನೂ ಕೊಕ್ಕರೆಗಳನ್ನೂ ನೋಡುತ್ತ, ಬಾಯಿಗೆ ಬಂದ ಹಾಡು ಅರ್ಧರ್ಧ ಹಾಡುತ್ತ ಹೋಗುವುದು. ಇಡೀ ದಿನದಲ್ಲಿ ನಾನು ಯಾರ ಹೆಂಡತಿಯೂ ಯಾರ ತಾಯಿಯೂ ಅಲ್ಲದ ಹೊತ್ತು ಅದೊಂದೇ. ಅದಕ್ಕಾಗಿ ಉಳಿದ ದಿನವೆಲ್ಲ ದುಡಿಯಲು ನನಗೆ ಬೇಸರವಿರಲಿಲ್ಲ.

ಬೇಗಂ ಎಂಬ ಹೆಸರು ನಾವಿಟ್ಟದ್ದಲ್ಲ. ಮುದಗಲ್ಲಿನ ಟಾಂಗಾದವನ ಹತ್ತಿರ ಅಣ್ಣ ಅವಳನ್ನು ನನಗೆಂದು ಕೊಂಡಾಗ ಹೆಸರಿನೊಂದಿಗೇ ಬಂದಳು, ಹೆಸರಿಗೆ ತಕ್ಕ ಗತ್ತಿನೊಂದಿಗೂ ಬಂದಳು. ಯಾವ ಕುದುರೆಯೂ ಅವಳಿಗಿಂತ ಮುಂದೆ ನಡೆಯುವ ಹಾಗಿಲ್ಲ. ಮೋತಿಯ ಮೂಗು ಅವಳ ಮೂಗಿಗಿಂತ ಒಂದು ಗೇಣು ಮುಂದೆ ಹೋದರೆ ಅವನ ಕಿವಿ ಕಚ್ಚುತ್ತಿದ್ದಳು. ಪಾಪ, ಅವನ ಎಡಗಿವಿ ಹರಿದ ಪತ್ರಾವಳಿಯ ಹಾಗಾಗಿತ್ತು.

ನಾನು ಹೇಳುತ್ತಿರುವ ಬೇಸಿಗೆಯಲ್ಲಿ ಬೇಗಂಗೆ ಮುಪ್ಪು ಬಂದಿತ್ತು. ಬೆನ್ನು ತೊಟ್ಟಿಲ ಹಾಗೆ ತಗ್ಗಾಗಿತ್ತು, ಕಣ್ಣ ಮೇಲೆ ಗುಳಿ ಬಿದ್ದಿತ್ತು. ಎರಡನೆಯ ಬೆಳೆಯ ಕೊಯ್ಲಿಗೆಂದು ಹೊರಟವರು ಮಸ್ಕಿಯ ಹಳ್ಳ ದಾಟುವಾಗ ಅವಳು ಮುಗ್ಗರಿಸಿದಳು. ನಾನು, ಕೌದಿ, ಕೋಳಿ ಎಲ್ಲ ಮರಳಿನ ಮೇಲೆ. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಎದ್ದು ನಿಂತ ಬೇಗಂಳ ಕಾಲು ನಡುಗುತ್ತಿದ್ದವು. ಮಸ್ಕಿಯ ದನದ ದವಾಖಾನೆಯ ಡಾಕ್ಟರು ಬೆನ್ನೆಲುಬಿನ ಮೇಲೆ ಬೆರಳಾಡಿಸಿ, "ಇನ್ನು ಈಕಿ ಮ್ಯಾಲ ದಿನಾ ಕುಂದರಬ್ಯಾಡವ್ವಾ. ಹಂಗ ಅಡ್ಯಾಡಿಕೋಂತ ಇರಲಿ" ಎಂದರು.

ನಮ್ಮನೆಯವರು ಅದಕ್ಕೇ ಕಾಯುತ್ತಿದ್ದ ಹಾಗೆ, "ಒಂದು ಸಣ್ಣ ಗೂಡ್ಸ್ ಗಾಡಿ ಬಾಡಿಗಿ ಮಾಡಿದ್ರಾತು. ಸಂಸಾರ ಎಲ್ಲಾ ಒಮ್ಮೆಲೆ ಹೊಕ್ಕೈತಿ. ನೀನೂ ಡ್ರೈವರ್ ಬಾಜೂಕ ಆರಾಮ ಕುಂತು ಹೋಗು" ಎಂದರು.

"ಆರಾಮ ನಿಮಗ ಯಾರು ಕೇಳಿದ್ರು?" ಎಂದು ನಾನು ಮುಖ ಗಂಟು ಹಾಕಿಕೊಂಡೆ. ಅವರಿಗೆ ಅರ್ಥವಾಗಲಿಲ್ಲ. ಗಾಡಿಯಲ್ಲಿ ಕಣ್ಣುಮುಚ್ಚಿ ತೆಗೆಯುವುದರೊಳಗೆ ಮುಂದಿನ ಗದ್ದೆ ಬಂದುಬಿಡುತ್ತದೆ. ನನ್ನ ಹೊತ್ತು ಎಲ್ಲಿ ಹೋಯಿತು?

ಅಣ್ಣನಿಗೆ ಫೋನು ಹಚ್ಚಿದೆ. ಅಣ್ಣ ಒಳ್ಳೆಯವನು, ಲೆಕ್ಕಾಚಾರದವನೂ ಹೌದು. "ಮೋತಿನ್ನ ನನಗ ಕೊಡು ತಂಗಿ, ಮೇವು ಹೇರಾಕ ಬರ್ತಾನ. ಅದರ ಬದ್ಲಿ ನಮ್ಮ ಕುದುರಿ ಚಿಗರಿನ್ನ ತಗೊಂಡು ಹೋಗು. ಹರೇದ್ದು ಐತಿ, ಸವಾರಿಗಿ ಹೇಳಿ ಮಾಡಿಸಿದಂಗ ಐತಿ. ಆದ್ರ ಬೇಗಂನ ನನ್ನ ಕೊರಳಿಗಿ ಕಟ್ಟಬ್ಯಾಡ. ಸಂತಿಗಿ ಹೊಡಿ."

ಸಂತೆಗೆ ಹೋದ ಮುದಿ ಕುದುರೆ ಮುಂದೆ ಎಲ್ಲಿಗೆ ಹೋಗುತ್ತದೆಂದು ನಮ್ಮವರಲ್ಲಿ ಯಾರೂ ಕೇಳುವುದಿಲ್ಲ. ಕೇಳಿದರೆ ಊಟ ಸೇರುವುದಿಲ್ಲ. ನನಗೆ ಚಿಗರಿಯ ಆಸೆಯೂ ಹುಟ್ಟಿತ್ತು, ಬೇಗಂಳ ಚಿಂತೆಯೂ ಹತ್ತಿತ್ತು.

ಹಿಂಡು ಸಿಂಧನೂರಿನ ಅಂಚಿನ ಕಾಲುವೆಯ ಗದ್ದೆಯಲ್ಲಿ ಬೀಡು ಬಿಟ್ಟಿದ್ದಾಗ ಖಾಜಾ ಭಾಯಿ ಬಂದ. ಮದುವೆಗೆ ಕುದುರೆ, ಬ್ಯಾಂಡು ಎರಡನ್ನೂ ಒದಗಿಸುವವನು. ಅವನ ಕುದುರೆಗೆ ಜ್ವರ ಬಂದಿತ್ತು. ಬೇಗಂಳ ಸುತ್ತ ಒಂದು ಸುತ್ತು ಬಂದು, ಅವಳ ಕಿವಿಯ ಹತ್ತಿರ ಜೋರಾಗಿ ಚಪ್ಪಾಳೆ ತಟ್ಟಿದ. ಅವಳು ಕಣ್ಣು ಕೂಡ ಮಿಟುಕಿಸಲಿಲ್ಲ.

"ಯಕ್ಕಾ, ನಮಗ ಓಡೋ ಕುದುರಿ ಬೇಕಾಗಿಲ್ಲ. ಪಟಾಕಿಗಿ ಬೆದರಬಾರದು, ಬ್ಯಾಂಡಿಗಿ ಕುಣೀಬಾರದು, ಬೇಫಿಕರ್ ನಿಂತಿರಬೇಕು. ವಯಸ್ಸಾದ್ದೇ ಚಲೋ. ಗುಡಿಯಿಂದ ಮಂಟಪಕ್ಕ ನಾಕು ಹೆಜ್ಜಿ, ಮದುಮಗನೂ ಬಡಕಲ ಅದಾನ. ಒಂದು ಮದುವಿ ನೋಡೂನು. ಹೊಂದಿದ್ರ ನನ್ನ ಹಂತ್ಯಾಕ ಬಿಟ್ಟುಬಿಡ್ರಿ, ಮಗಳಂಗ ನೋಡ್ಕೋತೀನಿ."

ನನಗೆ ಖುಷಿಯಾಯಿತು. ಬೇಗಂಗೆ ಇದಕ್ಕಿಂತ ಒಳ್ಳೆಯ ಮುಪ್ಪು ಯಾವುದು? ವರ್ಷಕ್ಕೆ ಹತ್ತಾರು ದಿನ ಹೂ ಮುಡಿದು ನಿಲ್ಲುವುದು, ಉಳಿದ ದಿನ ಹಿಂಡಿ ತಿನ್ನುವುದು. ಮದುವೆಯ ಬೆಳಿಗ್ಗೆ ನಾನೇ ಅವಳ ಮೈ ತೊಳೆದೆ, ಗೊರಸಿಗೆ ಎಣ್ಣೆ ಹಚ್ಚಿದೆ. ಖಾಜಾ ಭಾಯಿ ಜರಿಯ ಜೂಲು ಹೊದಿಸಿ, ಕೊರಳಿಗೆ ಮಲ್ಲಿಗೆ ಮಾಲೆ ಹಾಕಿ, ಹಣೆಗೆ ಕನ್ನಡಿ ಕಟ್ಟಿದ. ಬೇಗಂ ಕೊನೆಗೂ ಬೇಗಂಳ ಹಾಗೆ ಕಂಡಳು.

ಗುಡಿಯ ಮುಂದೆ ಎಲ್ಲ ಸರಿಯಾಗಿಯೇ ಇತ್ತು. ಬ್ಯಾಂಡು ಬಡಿಯಿತು, ಪಟಾಕಿ ಸಿಡಿಯಿತು. ಬೇಗಂ ಕಲ್ಲಿನ ಹಾಗೆ ನಿಂತಿದ್ದಳು. ಮದುಮಗನನ್ನು ಹತ್ತಿಸಿದರು, ಆಗಲೂ ನಿಂತಿದ್ದಳು. ಆಮೇಲೆ ಯಾರೋ ಅವನ ಅಕ್ಕನ ಮಗಳನ್ನು, ಲಂಗ ಉಟ್ಟ ಪುಟ್ಟ ಕೂಸನ್ನು, ಎತ್ತಿ ಅವನ ಮಡಿಲಿಗೆ ಕೊಟ್ಟರು. ಕೂಸು ಹೆದರಿ ಕಿಚಕಿಚ ಎಂದು ಅಳತೊಡಗಿತು.

ಬೆನ್ನ ಮೇಲೆ ಒಬ್ಬರು ಕೂತರು, ಮಡಿಲಿಗೆ ಕಿಚಗುಡುವ ಗಂಟು ಬಂತು. ಬೇಗಂಳ ಲೆಕ್ಕದಲ್ಲಿ ಹೇರು ಮುಗಿದಿತ್ತು. ಹೊರಟಳು.

ಮಂಟಪ ಎಡಕ್ಕೆ ಇತ್ತು. ಅವಳು ಬಲಕ್ಕೆ ತಿರುಗಿದಳು, ಕಾಲುವೆಯ ರಸ್ತೆಗೆ. ಹಗ್ಗ ಹಿಡಿದ ಹುಡುಗ ಕುದುರೆಗೆ ದಾರಿ ಗೊತ್ತಿದೆ ಎಂದುಕೊಂಡ. ಬ್ಯಾಂಡಿನವರಿಗೆ ಕುದುರೆಯ ಹಿಂದೆ ಹೋಗುವುದೇ ರೂಢಿ, ಹೋದರು. ಕುಣಿಯುವ ಹುಡುಗರು ಬ್ಯಾಂಡಿನ ಹಿಂದೆ, ಆರತಿ ತಟ್ಟೆಯ ಹೆಂಗಸರು ಹುಡುಗರ ಹಿಂದೆ. ನಾನು ಹಿಂದಿನಿಂದ "ನಿಲ್ಲಿಸ್ರಿ, ನಿಲ್ಲಿಸ್ರಿ" ಎಂದು ಕೂಗಿಕೊಂಡೆ. ಡೋಲಿನ ಸದ್ದಿಗೆ ಯಾರಿಗೆ ಕೇಳಬೇಕು? ಒಬ್ಬಳು ನನ್ನ ಕೈ ಹಿಡಿದು, "ಬಾ ಯಕ್ಕಾ, ನೀನೂ ಒಂದು ಹೆಜ್ಜಿ ಹಾಕು" ಎಂದು ಕುಣಿಸಲು ನೋಡಿದಳು. ಅಂಗಡಿಗಳು ಮುಗಿದವು, ಮನೆಗಳು ಮುಗಿದವು, ಅಕ್ಕಿ ಗಿರಣಿ ಮುಗಿಯಿತು. ಮದುಮಗ ಒಂದು ಕೈಯಲ್ಲಿ ಬಾಸಿಂಗ, ಇನ್ನೊಂದರಲ್ಲಿ ಕೂಸು ಹಿಡಿದು ಹಿಂತಿರುಗಿ ಕೂಗಿದ: "ಮಾವಾ, ಮಂಟಪ ಊರ ಹೊರಗ ಹಿಡಿದೀರೇನು?"

ಬೇಗಂ ಸೀದಾ ನಮ್ಮ ಗದ್ದೆಗೆ ಹೋಗಿ, ಒಲೆಯ ಕಲ್ಲುಗಳ ಪಕ್ಕದಲ್ಲಿ ನಿಂತಳು. ಬಲೆ ಹೊಲಿಯುತ್ತ ಕುಳಿತಿದ್ದ ನಮ್ಮನೆಯವರು ತಲೆ ಎತ್ತಿ ನೋಡುತ್ತಾರೆ, ಇಡೀ ದಿಬ್ಬಣ ಬಂದಿದೆ. ಕೋಳಿ ಬುಟ್ಟಿ ಇಳಿಸಿಕೊಳ್ಳುವವರ ಹಾಗೆ, ಮೊದಲು ಎರಡೂ ಕೈ ಚಾಚಿ ಮದುಮಗನ ಮಡಿಲಿನ ಕೂಸನ್ನು ಇಳಿಸಿಕೊಂಡರು. ಆಮೇಲೆ ಏನು ಮಾಡಬೇಕೆಂದು ತೋಚದೆ, "ಇಳೀರಿ, ಚಾ ಕುಡೀರಿ" ಎಂದರು.

ಮುಹೂರ್ತ ತಪ್ಪಲಿಲ್ಲ. ಹುಡುಗಿಯ ತಂದೆ ಮೋಟರ್ ಸೈಕಲ್ ಮೇಲೆ ಬೆನ್ನಟ್ಟಿ ಬಂದು, ಅಳಿಯನನ್ನು ಹಿಂದೆ ಕೂರಿಸಿಕೊಂಡು ಹೋದರು. ಹೋಗುವಾಗ ಮದುಮಗ ನಗುತ್ತಿದ್ದ, ಅದೊಂದು ಪುಣ್ಯ. ಖಾಜಾ ಭಾಯಿ ಮಾತ್ರ ನಗಲಿಲ್ಲ. ಜೂಲು ಬಿಚ್ಚಿ ಮಡಚುತ್ತ, "ಯಕ್ಕಾ, ಈಕಿ ಬಾಳ ಚಲೋ ಹೆಣ್ಣಮಗಳು. ಆದ್ರ ನನ್ನ ಧಂದೆ ಮುಳುಗಿಸ್ತಾಳ" ಎಂದು ಕೈ ಮುಗಿದ. ಮಲ್ಲಿಗೆ ಮಾಲೆಯನ್ನು ಅವಳ ಕೊರಳಲ್ಲೇ ಬಿಟ್ಟು ಹೋದ. ಸಂಜೆಯ ತನಕ ನಾವು ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿ ನಕ್ಕಿದ್ದೇ ನಕ್ಕಿದ್ದು.

ಆ ವಾರವೇ ಅಣ್ಣ ಚಿಗರಿಯನ್ನು ತಂದು ಬಿಟ್ಟು, ಮೋತಿಯನ್ನು ಕರೆದುಕೊಂಡು ಹೋದ. ಮೋತಿ ಯಾರು ಹಗ್ಗ ಹಿಡಿದರೂ ಹಿಂದೆ ಹೋಗುವವನು, ತಿರುಗಿಯೂ ನೋಡಲಿಲ್ಲ. ಭಾರದ ಸಾಮಾನಿಗೆ ಗೂಡ್ಸ್ ಗಾಡಿ ಗೊತ್ತಾಯಿತು. ಮರಿ, ಕೌದಿ, ಕೋಳಿ ಮತ್ತು ನಾನು ಚಿಗರಿಯ ಪಾಲಿಗೆ ಬಂದೆವು. ಬೇಗಂ ಬರಿಮೈಯಲ್ಲಿ ಹಿಂದಿನಿಂದ ಬರಲಿ, ಮುಂದಿನದು ಮುಂದೆ ನೋಡೋಣ ಎಂದುಕೊಂಡೆವು.

ಮುಕ್ಕುಂದದ ಕಡೆ ಹೊರಟ ಮೊದಲ ದಿನವನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಚಿಗರಿಯ ನಡಿಗೆ ಅಂದರೆ ನಡಿಗೆ. ಬೇಗಂಳ ಮೇಲೆ ಕುಳಿತಾಗ ಪ್ರತಿ ಹೆಜ್ಜೆಗೂ ಅವಳ ಎಲುಬು ಎಣಿಸುತ್ತಿದ್ದ ನನಗೆ, ಎಷ್ಟೋ ವರ್ಷದ ಮೇಲೆ ಗಾಳಿ ಮುಖಕ್ಕೆ ಬಡಿಯಿತು. ವಯಸ್ಸು ಮರೆತೆ. ಜೋರಾಗಿ ಹಾಡಿದೆ. ಆಗ ಹಿಂದಿನಿಂದ ಕಮ್ಮಾರನ ತಿದಿಯ ಹಾಗೆ ಒಂದು ಉಸಿರು ಕೇಳಿಸಿತು.

ಬೇಗಂ ಓಡಿ ಬರುತ್ತಿದ್ದಳು. ಬಾಯಲ್ಲಿ ನೊರೆ, ಮೈಯೆಲ್ಲ ಬೆವರು, ಕಾಲು ಒಂದಕ್ಕೊಂದು ತಾಗುತ್ತಿದ್ದವು. ನಮ್ಮನ್ನು ದಾಟಿ, ಚಿಗರಿಗಿಂತ ಒಂದು ಮಾರು ಮುಂದೆ ಹೋಗಿ, ರಸ್ತೆಗೆ ಅಡ್ಡ ನಿಂತಳು. ಪಕ್ಕೆಗಳು ಹಾರುತ್ತಿದ್ದವು. ನಾನು ಧುಮುಕಿ ಅವಳ ಕೊರಳು ಹಿಡಿದೆ. "ಯಾಕ ಸಾಯಾಕತ್ತೀಯ ಬೇ? ನಿನಗ ಯಾರು ಏನಂದ್ರು?" ಎಂದು ಬೈದೆ, ಬೈಯುತ್ತ ಅತ್ತೆ. ಆ ದಿನ ಉಳಿದ ದಾರಿಯನ್ನು ಮೂವರೂ ನಡೆದೇ ಹೋದೆವು, ಬೇಗಂ ಮುಂದೆ.

ಬೇಗಂಗೆ ಹಗ್ಗ ಕಟ್ಟಿ ಹಿಂಡಿನೊಂದಿಗೆ ತನ್ನಿ ಎಂದು ನಮ್ಮನೆಯವರಿಗೆ ಹೇಳಿ ನೋಡಿದೆ. ಚಿಗರಿ ಕಣ್ಣಿಗೆ ಮರೆಯಾದರೂ ವಾಸನೆ ಹಿಡಿದು ಹಗ್ಗ ಜಗ್ಗಿ ಕೊರಳು ಕೊಯ್ದುಕೊಂಡಳು. ಆಮೇಲೆ ನಾನು ಚಿಗರಿಯನ್ನು ಏರುವುದನ್ನೇ ಬಿಟ್ಟೆ. ಬೇಗಂಳ ಹಿಂದೆ, ಚಿಗರಿಯ ಹಗ್ಗ ಹಿಡಿದು, ಬಿಸಿಲಲ್ಲಿ ಕಾಲೆಳೆಯುತ್ತ ನಡೆಯುತ್ತಿದ್ದೆ. ಗದ್ದೆ ಮುಟ್ಟುವುದರೊಳಗೆ ಹಿಂಡು ನನ್ನ ಬೆನ್ನಿಗೇ ಬಂದಿರುತ್ತಿತ್ತು. ಗಂಡಸರು ಹಸಿದು ಕೂಗುತ್ತಿದ್ದರು, ಮರಿಗಳು ಕೂಗುತ್ತಿದ್ದವು. ಹೀಗೆ ಕೆಲವು ದಿನ ಕಳೆದವು. ಒಂದು ಮಧ್ಯಾಹ್ನ ಬೇಗಂ ದಾರಿಯಲ್ಲಿ ನಿಂತು ಜಾಲಿಯ ಕಾಯಿ ಮೂಸುತ್ತಿದ್ದಾಗ, ಇದು ಇನ್ನೂ ಎಷ್ಟು ದಿನ ಬದುಕುತ್ತದೋ ಎಂಬ ಮಾತು ನನ್ನ ಮನಸ್ಸಿಗೆ ಬಂತು. ಅವಳನ್ನು ನಾನು "ಇದು" ಎಂದಿದ್ದು ಅದೇ ಮೊದಲು. ನನಗೆ ನನ್ನ ಮೇಲೇ ಹೇಸಿಗೆ ಆಯಿತು.

ಆ ಸಂಜೆ ನಮ್ಮನೆಯವರು ಕೇಳಿಯೇ ಬಿಟ್ಟರು. "ಸವಾರಿ ಬಿಡ್ತೀಯೋ, ಬೇಗಂನ ಬಿಡ್ತೀಯೋ? ಒಂದು ಹೇಳು. ನಿನ್ನ ಮಾರಿ ನೋಡಾಕ ಆಗವಲ್ದು."

"ಎರಡೂ ಬೇಕು."

"ಅದು ನನಗೂ ಗೊತ್ತೈತಿ" ಎಂದರು. ಬೈಯಲಿಲ್ಲ. ಜಗಳಕ್ಕೆ ಸಿದ್ಧವಾಗಿದ್ದ ನನಗೆ ಅಳು ಬಂತು.

ಮುಕ್ಕುಂದದಲ್ಲಿ ಪ್ರತಿ ವರ್ಷ ನಾವು ಕುರಿ ನಿಲ್ಲಿಸುವ ಗದ್ದೆ ಈರಮ್ಮನದು. ನನ್ನ ವಾರಿಗೆಯವಳು, ಮಾತಿನ ಮಲ್ಲಿ. ಮನೆಯ ಹಿಂದೆ ಬೇವಿನ ಮರ, ಮರದ ಕೆಳಗೆ ಒಂದು ಎಮ್ಮೆ, ಪಕ್ಕದಲ್ಲಿ ಮನೆಯೆತ್ತರದ ಹುಲ್ಲಿನ ಬಣವೆ. ಮೊದಲ ದಿನವೇ ಬೇಗಂ ಹೋಗಿ ಆ ಎಮ್ಮೆಯ ಪಕ್ಕ ನಿಂತಳು. ಎಮ್ಮೆ ಮೆಲುಕು ಹಾಕುತ್ತಿತ್ತು, ಇವಳು ಅದರ ಬೆನ್ನ ಮೇಲೆ ಗದ್ದ ಇಟ್ಟು ಕಣ್ಣು ಮುಚ್ಚಿದಳು. ಅದು ತನಗಿಂತ ಮುಂದೆ ಹೋಗುವ ಪ್ರಾಣಿಯಲ್ಲ ಎಂದು ಅವಳಿಗೆ ಖಾತ್ರಿಯಾಗಿರಬೇಕು.

ನಾನು ಈರಮ್ಮನಿಗೆ ಎಲ್ಲ ಹೇಳಿದೆ. ಕೇಳುವ ಮಾತು ಬಾಯಿಗೆ ಬರುವ ಮೊದಲೇ ಅವಳು, "ಇಲ್ಲೇ ಬಿಡು" ಎಂದಳು. "ಹುಲ್ಲು ನಮ್ಮಲ್ಲಿ ಸುಡುವಷ್ಟು ಐತಿ. ಮೊದಲೆಲ್ಲ ಮನೀ ಮುಂದ ಕುದುರಿ ಕಟ್ಟೋರು ಅಂದ್ರ ಗೌಡ್ರು. ಇನ್ನ ಮ್ಯಾಲ ನಾನೂ ಗೌಡತಿ. ಯಾರರ ಮಾತು ತೆಗೀಲಿ, ನೋಡ್ತೀನಿ."

"ಹಲ್ಲು ಸವದಾವ, ಈರಮ್ಮ. ಹುಲ್ಲು ಕತ್ತರಿಸಿ, ನೆನಸಿದ ತವುಡು ಕಲಸಿ ಕೊಡಬೇಕು."

"ನಮ್ಮತ್ತಿಗಿ ಕಲಸಿ ಕೊಟ್ಟ ಕೈ ಇದು. ನನಗೇನ್ ಹೇಳ್ತೀಯ?"

ಹೊರಡುವ ಬೆಳಿಗ್ಗೆ ಕುದುರೆ ಹೇರುವುದನ್ನು ಬೇಗಂ ನೋಡಬಾರದೆಂದು ಎಲ್ಲವನ್ನೂ ಗದ್ದೆಯ ಆಚೆ ಬದಿಗೆ ಸಾಗಿಸಿದೆವು. ಕೋಳಿ ಬುಟ್ಟಿಯ ಮೇಲೆ ಕಂಬಳಿ ಮುಚ್ಚಿದೆವು. ನಾನು ಹೋಗಿ ಅವಳ ಹಣೆಗೆ ಹಣೆ ಹಚ್ಚಿ ನಿಂತೆ. ಏನೇನೋ ಹೇಳಬೇಕೆಂದಿದ್ದೆ, "ಬರ್ತೀನವಾ" ಎಂದಷ್ಟೇ ಬಂತು. ಅವಳ ಮೂತಿ ತವುಡಿನ ಬುಟ್ಟಿಯಲ್ಲಿತ್ತು. ತಲೆ ಎತ್ತಲಿಲ್ಲ. ಕೂಗುತ್ತಾಳೆ, ಹಗ್ಗ ಜಗ್ಗುತ್ತಾಳೆ ಎಂದು ಎದೆ ಗಟ್ಟಿ ಮಾಡಿಕೊಂಡು ಬಂದವಳಿಗೆ ಅವಳು ತಿನ್ನುತ್ತಲೇ ಇದ್ದದ್ದು ನೋಡಿ ಹೊಟ್ಟೆ ತಣ್ಣಗಾಯಿತು, ಸ್ವಲ್ಪ ಉರಿಯಿತೂ ಹೌದು.

ಚಿಗರಿಯ ಹಗ್ಗ ಹಿಡಿದು ಕಾಲುವೆಯ ಸೇತುವೆ ದಾಟುವ ತನಕ ನಡೆದೆ. ಅಲ್ಲಿಂದ ಈರಮ್ಮನ ಬೇವಿನ ಮರದ ತುದಿಯಷ್ಟೇ ಕಾಣುತ್ತಿತ್ತು. ಗಾಳಿ ನಮ್ಮ ಎದುರಿನಿಂದ ಇತ್ತು, ವಾಸನೆ ಹಿಡಿದು ಬರುತ್ತಾಳೇನೋ ಎಂದು ಅಲ್ಲೇ ಸ್ವಲ್ಪ ಹೊತ್ತು ನಿಂತೆ. ಆಮೇಲೆ ಕಲ್ಲಿನ ಮೇಲೆ ಕಾಲಿಟ್ಟು ಏರಿದೆ. ಸುಳ್ಳು ಯಾಕೆ ಹೇಳಲಿ, ಮುಂದಿನ ತಿರುವಿನಲ್ಲಿ ಚಿಗರಿ ಓಡಿದಾಗ ನನಗೆ ಸಂತೋಷವೇ ಆಯಿತು. ಕಣ್ಣಲ್ಲಿ ನೀರು ಸುರಿಯುತ್ತಲೇ ಇತ್ತು.

ಮಳೆಗಾಲವೆಲ್ಲ ಪಾಮನಕಲ್ಲೂರಿನಿಂದ ಫೋನು ಮಾಡುತ್ತಿದ್ದೆ. "ನಿನ್ನ ಸವತಿ ಚೆಂದ ಅದಾಳ" ಎನ್ನುತ್ತಿದ್ದಳು ಈರಮ್ಮ. ಚಳಿಗಾಲದ ಕೊಯ್ಲಿಗೆ ಮತ್ತೆ ಇಳಿದೆವು. ಮುಕ್ಕುಂದ ಹತ್ತಿರವಾದಂತೆ ಚಿಗರಿಯನ್ನು ಇನ್ನಷ್ಟು ಬೇಗ ನಡೆಸಿದೆ. ಸೇತುವೆ ದಾಟಿ ಗದ್ದೆಯ ಏರಿಗೆ ಇಳಿದರೆ, ಅಲ್ಲೇ ಬದುವಿನಲ್ಲಿ ಹಗ್ಗವಿಲ್ಲದೆ ಮೇಯುತ್ತಿದ್ದಳು ಬೇಗಂ. ಮೈ ಮೊದಲಿಗಿಂತ ತುಂಬಿತ್ತು, ಕಣ್ಣು ಇನ್ನಷ್ಟು ಮಂಜಾಗಿತ್ತು. ತಲೆ ಎತ್ತಿದಳು. ಚಿಗರಿಯನ್ನು ನೋಡಿದಳು, ನನ್ನನ್ನಲ್ಲ. ಆಮೇಲೆ ಒಂದೊಂದೇ ಕಾಲು ಎತ್ತಿಟ್ಟು ಬದು ಹತ್ತಿ, ನಮ್ಮೆದುರು ಏರಿಯ ಮೇಲೆ ಬಂದು, ನಮಗೆ ಬೆನ್ನು ಮಾಡಿ ನಡೆಯತೊಡಗಿದಳು.

ಚಿಗರಿ ತಲೆ ಕೊಡವಿ ಮುಂದೆ ನುಗ್ಗಲು ನೋಡಿತು. ನಾನು ಲಗಾಮು ಬಿಗಿಹಿಡಿದೆ. ಇಡೀ ಸುಗ್ಗಿ ಅವಳ ಹೆಜ್ಜೆಗೆ ಹೆಜ್ಜೆ ಹಾಕಲಾರದೆ ಬಿಟ್ಟುಹೋದವಳು ನಾನು, ಒಂದು ಏರಿಯ ಉದ್ದ ಹಾಕಲಾರೆನೇ? ಅವಳು ನಡೆದಳು, ನಿಂತಳು, ಉಸಿರು ತೆಗೆದುಕೊಂಡಳು, ಮತ್ತೆ ನಡೆದಳು. ನಾನು ಕುದುರೆಯ ಮೇಲೆಯೇ ಕುಳಿತು ಅವಳ ತೊಟ್ಟಿಲ ಬೆನ್ನು ನೋಡುತ್ತ ಹಿಂದೆ ಹೋದೆ. ನನ್ನ ಹಿಂದೆ ಹಿಂಡು ಬಂದು ಸೇರಿತು. ಏರಿಯ ಎರಡೂ ಬದಿ ನೀರಿತ್ತು, ಯಾರಿಗೂ ದಾಟಲು ಜಾಗವಿರಲಿಲ್ಲ. ಕುರಿಗಳು ಅರಚತೊಡಗಿದವು. ಧೂಳಿನೊಳಗಿಂದ ನಮ್ಮನೆಯವರ ಕೂಗು ಕೇಳಿಸಿತು.

"ಏನ್ ಮಾಳವ್ವಾ, ಯಾಕ ನಿಂತಿ? ಕುದುರಿ ಕುಂಟಾಕತ್ತೈತೇನು?"

"ಇಲ್ರೀ" ಎಂದು ನಾನೂ ಕೂಗಿದೆ. "ಹಿರ್ಯಾಕಿ ಮುಂದ ಹೊಂಟಾಳ."